ಅರಿಯುವ ‘ನಾನು’ ಯಾರು?

“ನಾನು ಬಲ್ಲೆ” ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಬಲ್ಲ ವಿಷಯ ಯಾವುದೆಂದು ವಿಚಾರಿಸುತ್ತೇವೆಯೇ ಹೊರತು, ಬಲ್ಲವನು ಯಾರೆಂದು ಕೇಳಿಕೊಳ್ಳುವುದು ಅಪರೂಪ. ತರಗತಿಯಲ್ಲಿ ಇದು ನನಗೆ ಬರಿಯ ಪರೀಕ್ಷೆಯ ಪ್ರಶ್ನೆಯಾಗಿತ್ತು. ಒಂದು ಸಂಜೆ ತಾತ ನನ್ನ ಮುಖವನ್ನೇ ನೋಡಿ, “ಯಾರಪ್ಪ ನೀನು?” ಎಂದು ಕೇಳಿದ ಮೇಲೆ ನನ್ನ ಸ್ವಂತ ಪ್ರಶ್ನೆಯಾಯಿತು.

ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರಲ್ಲಿ ಇಲ್ಲಿಯ ಗಣಿಗಳು ಮುಚ್ಚಿದವು. ಈಚೆಗೆ ಅವರ ನೆನಪುಗಳೂ ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ. “ಇವರು ಮೊದಲಿನವರಲ್ಲ” ಎಂದು ಬಂಧುಗಳು ಆಡಿಕೊಳ್ಳುತ್ತಾರೆ. ಈ ಮಾತು ನಿಜವೆ?

ಫ್ರಾನ್ಸಿನ ಡೇಕಾರ್ಟ್, 1641ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಸಂಶಯಿಸಬಹುದಾದುದೆಲ್ಲವನ್ನೂ ಸಂಶಯಿಸಿದನು. ಸಂಶಯಪಡುವ ತಾನು ಇರುವೆನೆಂಬುದನ್ನು ಮಾತ್ರ ಸಂಶಯಿಸಲಾರದೆ ಹೋದನು. ಆದರೆ ಇಂದಿನ ‘ನಾನು’ ನಿನ್ನೆಯ ‘ನಾನೇ’ ಎಂಬುದಕ್ಕೆ ಆಧಾರವೇನು? ಇಂಗ್ಲೆಂಡಿನ ಲಾಕ್ 1694ರಲ್ಲಿ ಕೊಟ್ಟ ಉತ್ತರ, ಹಿಂದಿನದನ್ನು ತನ್ನದೆಂದು ನೆನೆಯುವ ಪ್ರಜ್ಞೆಯೇ ಆಧಾರ, ಎಂಬುದು. ಇದನ್ನು ಒಪ್ಪಿದರೆ ಬಂಧುಗಳ ಮಾತೇ ಗೆಲ್ಲುತ್ತದೆ.

ಸ್ಕಾಟ್ಲೆಂಡಿನ ರೀಡ್ 1785ರಲ್ಲಿ ಇದನ್ನು ಖಂಡಿಸಿದನು. ಅವನ ವಾದವನ್ನು ಹೀಗೆ ಹೇಳಬಹುದು: ಮುದುಕನಿಗೆ ಯೌವನದ ನೆನಪಿದೆ, ಯೌವನದಲ್ಲಿ ಅವನಿಗೆ ಬಾಲ್ಯದ ನೆನಪಿತ್ತು, ಮುದುಕನಿಗೆ ಬಾಲ್ಯ ಮರೆತಿದೆ. ಮುದುಕನೂ ಯುವಕನೂ ಒಬ್ಬನೇ, ಯುವಕನೂ ಬಾಲಕನೂ ಒಬ್ಬನೇ ಎಂದ ಮೇಲೆ ಮುದುಕನೂ ಬಾಲಕನೂ ಒಬ್ಬನೇ ಆಗಲೇಬೇಕು. ಲಾಕನ ಲೆಕ್ಕದಲ್ಲಿ ಆಗುವುದಿಲ್ಲ! ಆದುದರಿಂದ ನೆನಪು ‘ನಾನು’ ಎಂಬುದಕ್ಕೆ ಸಾಕ್ಷ್ಯವಾಗಬಹುದು. ಅದೇ ‘ನಾನು’ ಆಗಲಾರದು.

ಹ್ಯೂಮ್ 1739ರಲ್ಲಿ ಇನ್ನೂ ಮುಂದೆ ಹೋಗಿದ್ದನು. ಒಳಗೆ ಎಷ್ಟು ಹುಡುಕಿದರೂ ಬಿಸಿಲು, ನೆರಳು, ನೋವು, ನಲಿವುಗಳ ಅನುಭವ ಸಿಗುತ್ತದೆಯೇ ವಿನಾ ಅವುಗಳ ಒಡೆಯನು ಸಿಗುವುದಿಲ್ಲ. ‘ನಾನು’ ಎಂಬುದು ಅನುಭವಗಳ ಒಂದು ಕಂತೆ ಎಂದನು. ಕಂತೆಯನ್ನು ಕಟ್ಟಿದವರು ಯಾರು? ಕಾಂಟ್ 1781ರಲ್ಲಿ ಉತ್ತರಿಸಲು ಹೊರಟುದು ಇಂಥ ಪ್ರಶ್ನೆಗೆ.

ಇದಕ್ಕೆ ನಮ್ಮೂರಿನಲ್ಲೇ ಒಂದು ನಿದರ್ಶನವಿದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 7,600 ಅಡಿ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ವಿಜ್ಞಾನಿಗಳು ಪತ್ತೆಮಾಡಿದರು. ಉಪಕರಣದ ನಳಿಗೆಗಳಲ್ಲಿ ಮಿನುಗಿದ ಬೆಳಕುಗಳು ಬಿಡಿ ಬಿಡಿಯಾದವು. ಒಂದು ಮಿನುಗು ಇನ್ನೊಂದನ್ನು ಅರಿಯದು. ಅವನ್ನೆಲ್ಲ ಕೂಡಿಸಿ, ಇದು ಒಂದು ಕಣ ನಡೆದ ಹಾದಿ ಎಂದು ತಿಳಿಯಲು ಒಂದು ಪ್ರಜ್ಞೆ ಬೇಕಾಯಿತು. ಹೀಗೆ ಒಂದುಗೂಡಿಸುವ ಕ್ರಿಯೆಯಲ್ಲಿಯೇ ಕಾಂಟನ ‘ನಾನು’ ಇದೆ. ಅದು ಕಾಣುವ ವಸ್ತುವಲ್ಲ. ಆದುದರಿಂದಲೇ ಹ್ಯೂಮನಿಗೆ ಸಿಗಲಿಲ್ಲ. ನಮ್ಮ ಅದ್ವೈತಿಗಳ ‘ಸಾಕ್ಷಿ’ ಇದರ ನೆರೆಯದೆಂದು ತೋರಿದರೂ ಬೇರೆ: ಸಾಕ್ಷಿ ಕೂಡಿಸುವುದಿಲ್ಲ, ಬೆಳಗುತ್ತದೆ ಅಷ್ಟೆ.

ಇನ್ನು ತಾತನ ವಿಷಯ. “ಯಾರಪ್ಪ ನೀನು?” ಎಂದು ಕೇಳುವಾಗ ಅವರು ಮುಖವನ್ನು ನೋಡುತ್ತಾರೆ, ನೆನಪಿನೊಡನೆ ಹೊಂದಿಸುತ್ತಾರೆ, ಹೊಂದಲಿಲ್ಲವೆಂದು ಅರಿಯುತ್ತಾರೆ. ಅರಿಯುವವನು ಅಲ್ಲಿ ಇದ್ದಾನೆ. ಇಷ್ಟರಿಂದ ಮೊದಲಿನ ತಾತನೇ ಇವರೆಂದು ಸಿದ್ಧವಾಗದು. ಕಾಂಟನೇ ಹಾಗೆಂದು ಎಚ್ಚರಿಸಿದ್ದಾನೆ. ಆದರೆ ಮರೆವಿನಿಂದ ಅವರು ಬೇರೆಯವರಾದರೆಂಬುದೂ ಸಿದ್ಧವಾಗದು. ಬಂಧುಗಳಿಗೆ ನಾನು ಹೇಳಬಲ್ಲುದು ಇಷ್ಟೇ.

ತಾತ ಆ ಪ್ರಶ್ನೆಯನ್ನು ಈಗಲೂ ಕೇಳುತ್ತಾರೆ. “ನಿನ್ನ ಮೊಮ್ಮಗ, ತಾತ” ಎನ್ನುತ್ತೇನೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಕೂತುಕೋ” ಎನ್ನುತ್ತಾರೆ.