ಹಾಲಿನಂಥ ಮದ್ದು, ಗಳಿಗೆಯ ನಿದ್ದೆ

ಪ್ರಶ್ನೆ: ಕೊಲೊನೊಸ್ಕೋಪಿಗೆಂದು ಕೊಲ್ಹಾಪುರಕ್ಕೆ ಹೋದವರಿಗೆ ಪೂರ್ತಿ ನಿದ್ದೆ ಬರಿಸಿದರು, ಇಚಲಕರಂಜಿಯಲ್ಲಿ ಇನ್ನೊಬ್ಬರಿಗೆ ಬರೀ ಮಂಪರು. ಯಾವುದು ಮೇಲು? – ಗಡಹಿಂಗ್ಲಜದ ಓದುಗರು

ಪೂರ್ತಿ ನಿದ್ದೆ ಎಂದರೆ ಬಹುತೇಕ ಪ್ರೊಪೊಫಾಲ್. ಸಿರಿಂಜಿನಲ್ಲಿ ನೋಡಿದರೆ ಥೇಟ್ ಹಾಲು. ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಬೆರೆತಿರುವುದರಿಂದ ಆ ಬಿಳುಪು. ಚುಚ್ಚಿದ ಕಡೆ ಕೊಂಚ ಉರಿ, ಅರ್ಧ-ಮುಕ್ಕಾಲು ನಿಮಿಷದಲ್ಲಿ ರೆಪ್ಪೆ ಮುಚ್ಚುತ್ತದೆ. ಮದ್ದು ನಿಲ್ಲಿಸಿದರೆ ಹತ್ತಿಪ್ಪತ್ತು ನಿಮಿಷಕ್ಕೆಲ್ಲ ಎಚ್ಚರ. ಇದನ್ನು ರೂಪಿಸಿದ ಜಾನ್ ಗ್ಲೆನ್ ಮೂಲತಃ ಪಶುವೈದ್ಯರು! 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ತೊಡಕೂ ಇದೆ. ಡೋಸ್ ತುಸು ಹೆಚ್ಚಾದರೂ ಉಸಿರು, ರಕ್ತದೊತ್ತಡ ಕುಸಿಯುತ್ತವೆ, ಇದಕ್ಕೆ ಪ್ರತಿಮದ್ದಿಲ್ಲ. ಹಾಗಾಗಿ ಅರಿವಳಿಕೆ ತಜ್ಞರು ಪಕ್ಕದಲ್ಲೇ ಇರಬೇಕು, ಬಿಲ್ಲೂ ಏರುತ್ತದೆ.

ಮಂಪರಿನ ಮದ್ದು ಸಾಮಾನ್ಯವಾಗಿ ಮಿಡಜೋಲಮ್, ಜೊತೆಗೆ ನೋವಿಗೆ ಫೆಂಟನಿಲ್. ಕರೆದರೆ ರೋಗಿ ‘ಹ್ಞೂಂ’ ಅನ್ನುತ್ತಾರೆ, ಆಮೇಲೆ ಏನೂ ನೆನಪಿರುವುದಿಲ್ಲ. ಚೇತರಿಕೆ ನಿಧಾನ. ಆದರೆ ಹೆಚ್ಚುಕಮ್ಮಿಯಾದರೆ ಮಿಡಜೋಲಮ್‌ಗೆ ಫ್ಲುಮಾಜೆನಿಲ್, ಫೆಂಟನಿಲ್‌ಗೆ ನಲಾಕ್ಸೋನ್ ಎಂಬ ಪ್ರತಿಮದ್ದು ಇದೆ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ರೆಮಿಮಜೋಲಮ್ ಮಿಡಜೋಲಮ್‌ನ ಕುಲದ್ದೇ, ಬೇಗ ಇಳಿಯುತ್ತದೆ. ಗಟ್ಟಿ ಜೀವದವರು ಮದ್ದೇ ಇಲ್ಲದೆ ಮಾಡಿಸಿಕೊಳ್ಳುವುದೂ ಉಂಟು.

ತಜ್ಞರಿದ್ದರೆ ಪ್ರೊಪೊಫಾಲ್ ಸುಖಕರ. ಇಲ್ಲದ ಕಡೆ ಮಿಡಜೋಲಮ್ಮೇ ಜಾಣತನ. ಗೊರಕೆ, ಹೃದಯದ ತೊಂದರೆ, ಅಲರ್ಜಿ ಇದ್ದರೆ ಮುಂಚೆಯೇ ಹೇಳಿಬಿಡಿ. ಮದ್ದು ಯಾವುದಾದರೂ ಮಾರನೇ ದಿನದವರೆಗೆ ಬೈಕೂ ಬೇಡ, ಪವರ್‌ಲೂಮ್ ಪಾಳಿಯೂ ಬೇಡ. ಮನೆಗೆ ಕರೆದೊಯ್ಯಲು ಒಬ್ಬರನ್ನು ಜೊತೆಗಿಟ್ಟುಕೊಳ್ಳಿ.