ಮೇ ತಿಂಗಳ ಅಲಾಸ್ಕಾ: ಅರಕಲಗೂಡಿನ ಜಗುಲಿಯಲ್ಲಿ ಕೇಳಿದ್ದು, ಅಲ್ಲಿ ಇರುವುದು

ಅರಕಲಗೂಡಿನಿಂದ ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೋಗಿಬರುವುದು ಈಗ ಊರಲ್ಲಿ ಸುದ್ದಿಯೇ ಅಲ್ಲ. ಬೇಸಿಗೆ ಶುರುವಾಗುತ್ತಿದ್ದ ಹಾಗೆ ವಿಮಾನ ಹತ್ತುತ್ತಾರೆ, ಆಲೂಗೆಡ್ಡೆ ಕೀಳುವ ಹೊತ್ತಿಗೆ ಬಂದಿರುತ್ತಾರೆ. ಸುದ್ದಿಯಾಗುವುದು ನಡುವಿನ ಒಂದು ವಾರ. "ಮೇ ತಿಂಗಳಲ್ಲಿ ಹಡಗಲ್ಲಿ ಅಲಾಸ್ಕಾಗೆ ಕರ್ಕೊಂಡು ಹೋಗ್ತಾರಂತೆ!" ಮಕ್ಕಳು ಸಿಯಾಟಲ್ ಕಡೆ ಇದ್ದರಂತೂ ಇದು ತಪ್ಪುವುದಿಲ್ಲ. ಹಡಗು ಅಲ್ಲಿಂದಲೇ ಹೊರಡುತ್ತದೆ, ಸೀಸನ್ನಿನ ಮೊದಲ ವಾರಗಳಾದ್ದರಿಂದ ಟಿಕೆಟ್ಟೂ ಜುಲೈಗಿಂತ ಅಗ್ಗ.

ಪಕ್ಕದ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ಅಮೆರಿಕ ನೋಡಿ ಬಂದು ಪುಸ್ತಕ ಬರೆದರು. 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈಗ ಹೋದವರು ಬರೆಯುವುದಿಲ್ಲ, ಫೋಟೊ ಕಳಿಸುತ್ತಾರೆ. ಬಾಯಲ್ಲಿ ಸಾಲ್ಮನ್ ಮೀನು ಕಚ್ಚಿಕೊಂಡ ಕರಡಿ, ಹಸಿರು ಬೆಳಕು ಕುಣಿಯುವ ಆಕಾಶ, ಹಿಮದ ಮೇಲೆ ಓಡುವ ನಾಯಿಗಾಡಿ. ಎಲ್ಲವೂ ನಿಜ, ಆದರೆ ಬೇರೆ ಬೇರೆ ತಿಂಗಳಿನ ನಿಜ. ಮಳೆಗಾಲದಲ್ಲಿ ತೆಗೆದ ಶೆಟ್ಟಿಹಳ್ಳಿ ಚರ್ಚಿನ ಫೋಟೊ ನೋಡಿ ಏಪ್ರಿಲ್‌ನಲ್ಲಿ ಬಂದವರು, "ಎಲ್ರೀ, ಇದು ನೀರಲ್ಲಿ ಮುಳುಗೇ ಇಲ್ಲವಲ್ಲ" ಅನ್ನುವುದನ್ನು ಕೇಳಿ ನಾವು ನಕ್ಕಿದ್ದೇವೆ. ಅಲಾಸ್ಕಾ ವಿಷಯದಲ್ಲಿ ಆ ಪ್ರಶ್ನೆ ಕೇಳುವ ಸರದಿ ನಮ್ಮದು.

"ಅಮೆರಿಕದ ವೀಸಾ ಹತ್ತು ವರ್ಷದ್ದಿದೆ. ಅಲಾಸ್ಕಾ ಅಮೆರಿಕದ್ದೇ ತಾನೆ? ಇನ್ನೇನು ಬೇಕು?"

ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಅಲಾಸ್ಕಾ ಅಮೆರಿಕದ್ದೇ ಹೌದು. 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರ್‌ಗೆ ಕೊಂಡರು, 1959ರಲ್ಲಿ ಅದು 49ನೇ ರಾಜ್ಯವಾಯಿತು. ಆದರೆ ಸಿಯಾಟಲ್‌ಗೂ ಅಲಾಸ್ಕಾಕ್ಕೂ ನಡುವೆ ಕೆನಡಾ ಇದೆ. ಜೊತೆಗೆ 1886ರ ಹಳೆಯ ಕಾಯ್ದೆಯೊಂದಿದೆ: ಹೊರದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಬರುವಂತಿಲ್ಲ, ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಪರದೇಶದ ಬಾವುಟದವು. ಆದ್ದರಿಂದ ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ಕೆಲವು ಗಂಟೆ ನಿಲ್ಲುತ್ತದೆ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾ ವೀಸಾ ಬೇಕು. "ನಾವು ಇಳಿಯೋದೇ ಇಲ್ಲ, ರೂಮಲ್ಲೇ ಕೂತಿರ್ತೀವಿ" ಅಂದರೆ ನಡೆಯುವುದಿಲ್ಲ. ವೀಸಾ ಇಲ್ಲದವರನ್ನು ಕಂಪನಿಯವರು ಸಿಯಾಟಲ್‌ನಲ್ಲೇ ತಡೆಯುತ್ತಾರೆ.

ಇಲ್ಲೊಂದು ಒಳಸುಳಿ ಇದೆ. ಮಗನ ಬಳಿ ಗ್ರೀನ್ ಕಾರ್ಡ್ ಇದ್ದರೆ ಅವನಿಗೆ ಕೆನಡಾ ವೀಸಾ ಬೇಡ. ಪಾಸ್‌ಪೋರ್ಟ್, ಕಾರ್ಡ್ ಎರಡಿದ್ದರೆ ಸಾಕು. ಮೊಮ್ಮಗು ಅಲ್ಲೇ ಹುಟ್ಟಿದ್ದರೆ ಅದಕ್ಕೆ ಆ ಚಿಂತೆಯೇ ಇಲ್ಲ. ಹಾಗಾಗಿ ಟಿಕೆಟ್ ಬುಕ್ ಮಾಡುವಾಗ ಮಕ್ಕಳಿಗೆ ಈ ವಿಚಾರ ಹೊಳೆಯದೇ ಹೋಗಬಹುದು. ಮಗ ಇನ್ನೂ ಎಚ್-1ಬಿಯಲ್ಲಿದ್ದರೆ ಅವನಿಗೂ ಕೆನಡಾ ವೀಸಾ ಬೇಕು. ಅಪ್ಪ ಅಮ್ಮಂದಿರು ಊರು ಬಿಡುವ ಮೊದಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಅರ್ಜಿ ಹಾಕಿಬಿಡುವುದು ಲೇಸು. ವಾರಗಟ್ಟಲೆ ಹಿಡಿಯುವ ಕೆಲಸವದು, ಹಡಗು ಕಾಯುವುದಿಲ್ಲ. ಹಾಗೆಯೇ ಅಮೆರಿಕದ ವೀಸಾ ಸ್ಟಾಂಪಿನಲ್ಲಿ 'ಎಂ' ಅಕ್ಷರ, ಅಂದರೆ ಎಷ್ಟು ಸಲ ಬೇಕಾದರೂ ಪ್ರವೇಶ, ಇದೆಯೇ ಎಂದು ಒಮ್ಮೆ ನೋಡಿ. ಕೆನಡಾ ಮುಟ್ಟಿ ಅಮೆರಿಕಕ್ಕೆ ಮರಳಬೇಕಲ್ಲ.

ಅಂಗಡಿಯಲ್ಲಿ ಸ್ವೆಟರ್ ಆರಿಸಲು ಮೂರು ದಿನ ಕಳೆಯುವವರು ಆರೋಗ್ಯ ವಿಮೆಯ ಪತ್ರ ಓದಲು ಮೂರು ನಿಮಿಷ ಕೊಡುವುದಿಲ್ಲ. ಅಮೆರಿಕಕ್ಕೆಂದು ಮಾಡಿಸಿದ ವಿಮೆ ಹಡಗಿನ ಮೇಲೂ ಕೆನಡಾದಲ್ಲೂ ನಡೆಯುತ್ತದೆಯೇ ಎಂಬುದನ್ನು ಪಾಲಿಸಿಯಲ್ಲೇ ಹುಡುಕಬೇಕು. ಹಡಗಿನ ಡಾಕ್ಟರ ಫೀಸು ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ.

"ಮೇ ಅಂದ್ರೆ ಅಲ್ಲಿ ಹೆಪ್ಪುಗಟ್ಟೋ ಚಳಿ, ಜೊತೆಗೆ ಮಳೆ. ಜುಲೈ ಆಗಸ್ಟ್‌ನಲ್ಲಿ ಹೋದರೆ ಒಣಗಿರುತ್ತೆ."

ಮಳೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಹಡಗು ಹೋಗುವ ಆಗ್ನೇಯ ಅಲಾಸ್ಕಾ ನಮ್ಮ ಮಲೆನಾಡಿನ ಅಣ್ಣ. ಟಾಂಗಾಸ್ ಎಂಬ ಅಲ್ಲಿನ ರಾಷ್ಟ್ರೀಯ ಅರಣ್ಯ ಅಮೆರಿಕದಲ್ಲೇ ಅತಿ ದೊಡ್ಡದು, ಅದು ಮಳೆಕಾಡು. ಕೆಚಿಕನ್ ಊರಿಗೆ ವರ್ಷಕ್ಕೆ ಬೀಳುವ ಮಳೆ ಆಗುಂಬೆಯ ಮಳೆಯ ಅರ್ಧದಷ್ಟು. ಆದರೆ ಅಲ್ಲಿ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಏಪ್ರಿಲ್, ಮೇ, ಜೂನ್ ಹೋಲಿಕೆಯಲ್ಲಿ ಒಣ ತಿಂಗಳು. ಮೇನಲ್ಲಿ ಜೂನೋ ಊರಿನ ಹಗಲಿನ ಶಾಖ 14 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 5ರ ಹತ್ತಿರ. ನಮಗೆ ಚಳಿಯೇ, ಆದರೆ ಮೂಳೆ ಕೊರೆಯುವಂಥದ್ದಲ್ಲ. ದಪ್ಪ ಕೋಟು ಒಂದರ ಬದಲು ತೆಳ್ಳಗಿನ ಮೂರು ಪದರ, ಮೇಲೊಂದು ನೀರು ಇಳಿಯದ ಜಾಕೆಟ್ಟು ಸಾಕು. ಗಾಳಿಗೆ ಕೊಡೆ ನಿಲ್ಲುವುದಿಲ್ಲ; ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಕಡೆ ಹಿಮ ಇರುತ್ತದೆಂಬುದೂ ಹಾಗೆಯೇ. ಕಡಲಂಚಿನಲ್ಲಿ ಹಸಿರು ಚಿಗುರು, ತಲೆಯೆತ್ತಿದರೆ ಬೆಟ್ಟದ ಅರ್ಧದಿಂದ ಮೇಲೆ ಬಿಳುಪು. ಮೇ ತಿಂಗಳ ಚೆಲುವೇ ಅದು. ಆಗಸ್ಟ್‌ನಲ್ಲಿ ಹೋದವರಿಗೆ ಬೆಟ್ಟದ ತುದಿಗಳು ಬೋಳಾಗಿ ಕಾಣುತ್ತವೆ. ಸ್ಕ್ಯಾಗ್ವೆ ಬಂದರಿನಿಂದ ವೈಟ್ ಪಾಸ್ ಕಣಿವೆದಾರಿಗೆ ಹತ್ತುವ ಕಿರುಗೇಜಿನ ರೈಲು ಚಿನ್ನದ ಹುಚ್ಚು ಹಿಡಿದ ಕಾಲದಲ್ಲಿ, 1898ರಿಂದ 1900ರ ನಡುವೆ, ಕಟ್ಟಿದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿದವರಿಗೆ ಪ್ರಪಾತ, ಸುರಂಗ ಹೊಸದಲ್ಲ. ಹೊಸದು ಏನೆಂದರೆ, ಕೆಳಗೆ ಬಿಸಿಲಿನಲ್ಲಿ ಹತ್ತಿ ಕುಳಿತವರು ಸುಮಾರು 870 ಮೀಟರ್ ಎತ್ತರದ ನೆತ್ತಿ ತಲುಪುವಾಗ ಹಳಿಯ ಎರಡೂ ಕಡೆ ಹಿಮ ರಾಶಿ ಬಿದ್ದಿರುತ್ತದೆ. ಆ ರೈಲಿನ ಕೆಲವು ಪ್ರವಾಸಗಳು ಗಡಿ ದಾಟಿ ಕೆನಡಾದೊಳಗೆ ಹೋಗುತ್ತವೆ. ಪಾಸ್‌ಪೋರ್ಟನ್ನು ಹಡಗಿನ ತಿಜೋರಿಯಲ್ಲಿ ಭದ್ರವಾಗಿಟ್ಟು ಬಂದವರು ಅಲ್ಲಿ ಪೇಚಾಡುತ್ತಾರೆ.

"ಹೊಳೆಯಲ್ಲಿ ಕರಡಿ ಮೀನು ಹಿಡಿಯೋದು ನೋಡಬಹುದು."

ಮೇನಲ್ಲಿ ಕಷ್ಟ. ಸಾಲ್ಮನ್ ಮೀನು ಹಿಂಡುಹಿಂಡಾಗಿ ತೊರೆಗಳಿಗೆ ಏರುವುದು ಜುಲೈ, ಆಗಸ್ಟ್‌ನಲ್ಲಿ. ಮೇನಲ್ಲಿ ಕರಡಿ ಆಗಷ್ಟೇ ಚಳಿಗಾಲದ ನಿದ್ದೆ ಮುಗಿಸಿ ಹಸಿದು ಎದ್ದು ಬಂದಿರುತ್ತದೆ, ಕಡಲಂಚಿನಲ್ಲಿ ದನದ ಹಾಗೆ ಹುಲ್ಲು ಮೇಯುತ್ತಿರುತ್ತದೆ. ಫೋಟೊದಷ್ಟು ರೋಚಕವಲ್ಲ, ನನಗಂತೂ ಹುಲ್ಲು ಮೇಯುವ ಕರಡಿಯೇ ಹೆಚ್ಚು ಕುತೂಹಲದ್ದು. ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲವನ್ನು ಹವಾಯಿಯ ಬೆಚ್ಚನೆ ನೀರಿನಲ್ಲಿ ಕಳೆದು, ಮರಿ ಹಾಕಿ, ಹೊಟ್ಟೆ ಖಾಲಿ ಮಾಡಿಕೊಂಡು ವಸಂತದಲ್ಲಿ ಅಲಾಸ್ಕಾಕ್ಕೆ ಊಟಕ್ಕೆ ಬರುತ್ತವೆ. ಮೇನಲ್ಲಿ ಬಂದು ಸೇರುತ್ತಿರುತ್ತವೆ, ಜೂನ್ ಮಧ್ಯದಿಂದ ಸಂಖ್ಯೆ ಹೆಚ್ಚು. ಸೊಳ್ಳೆ ಕಾಟ ಮಾತ್ರ ಇನ್ನೂ ಶುರುವಾಗಿರುವುದಿಲ್ಲ.

ಪೆಂಗ್ವಿನ್ ಅಲ್ಲಿ ಯಾವ ತಿಂಗಳಲ್ಲೂ ಇಲ್ಲ. ಅದು ಭೂಮಿಯ ದಕ್ಷಿಣಾರ್ಧದ ಹಕ್ಕಿ. ಹಿಮಕರಡಿ ಅಲಾಸ್ಕಾದಲ್ಲಿದೆ, ಆದರೆ ಅದರ ನೆಲೆ ದೂರದ ಉತ್ತರ ಮತ್ತು ವಾಯವ್ಯ ಕರಾವಳಿ. ಕರ್ನಾಟಕದ ಒಂಬತ್ತರಷ್ಟು ದೊಡ್ಡ ರಾಜ್ಯದ ಒಂದು ಮೂಲೆಯನ್ನಷ್ಟೇ ಈ ಹಡಗುಗಳು ಸುತ್ತುತ್ತವೆ.

"ಹಸಿರು ಬೆಳಕು, ನಡುರಾತ್ರಿ ಸೂರ್ಯ, ಎರಡೂ ಒಂದೇ ಸಲ ನೋಡ್ಕೊಂಡು ಬರ್ತೀವಿ."

ಎರಡೂ ಒಂದೇ ಸಲ ಆಗದ ಮಾತು. ಉತ್ತರದ ಬೆಳಕು ಕಾಣಲು ಕತ್ತಲೆ ಬೇಕು. ಮೇ ಮಧ್ಯದಲ್ಲಿ ಜೂನೋದಲ್ಲಿ ಬೆಳಗಿನ ನಾಲ್ಕೂವರೆ ಸುಮಾರಿಗೆ ಸೂರ್ಯ ಹುಟ್ಟಿ ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ, ಆಮೇಲೂ ಮುಸ್ಸಂಜೆಯ ಬೆಳಕು ಬಹಳ ಹೊತ್ತು ಉಳಿಯುತ್ತದೆ. ಇನ್ನು ಮುಳುಗದ ಸೂರ್ಯ ಬೇಕೆಂದರೆ ಆರ್ಕ್ಟಿಕ್ ವೃತ್ತದಾಚೆ ಹೋಗಬೇಕು. ಅರ್ಕೇಶ್ವರನ ಊರು ಅರಕಲಗೂಡಿನಿಂದ ಹೋದವರಿಗೆ ಅರ್ಕ, ಅಂದರೆ ಸೂರ್ಯ, ಅಷ್ಟು ದಯೆ ತೋರುವುದಿಲ್ಲ. ಆದರೂ ಸಂಧ್ಯಾವಂದನೆ ಬಿಡದ ಹಿರಿಯರು ಊಟ ಮೊದಲೋ ಅರ್ಘ್ಯ ಮೊದಲೋ ಎಂದು ತಡಕಾಡುವಷ್ಟು ಉದ್ದದ ಹಗಲಂತೂ ಸಿಗುತ್ತದೆ.

ಹಡಗಿನೊಳಗಿನ ಸಂಗತಿ ಬೇಗ ಮುಗಿಸುತ್ತೇನೆ. ಹಿಮಬಂಡೆಗೆ ಬಡಿದು ಟೈಟಾನಿಕ್ ಆಗುವ ಭಯ ಬೇಡ; ಅಲಾಸ್ಕಾದೊಳಗೆ ದಾರಿಯ ಬಹುಪಾಲು ದ್ವೀಪಗಳ ನಡುವಿನ ಮರೆಯ ನೀರು. ನೀರ್ಗಲ್ಲು, ಅಂದರೆ ಗ್ಲೇಸಿಯರ್, ನೋಡಲು ಬಲಗಡೆ ಕೋಣೆ ಬೇಕೋ ಎಡಗಡೆಯೋ ಎಂಬ ಜಗಳವೂ ಬೇಡ: ಅದರ ಮುಂದೆ ಕ್ಯಾಪ್ಟನ್ ಹಡಗನ್ನು ನಿಧಾನವಾಗಿ ತಿರುಗಿಸಿ ಎರಡೂ ಕಡೆಯವರಿಗೆ ತೋರಿಸುತ್ತಾನೆ. ಸಸ್ಯಾಹಾರ ಸಿಗುತ್ತದೆ, ಮೊದಲೇ ಹೇಳಿದರೆ ಅನ್ನ-ದಾಲ್ ಕೂಡ. ಪುಟ್ಟ ರೈಸ್ ಕುಕ್ಕರ್ ಒಯ್ದರೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಬೆಂಕಿಯ ಭಯಕ್ಕೆ ಇಸ್ತ್ರಿಪೆಟ್ಟಿಗೆಯನ್ನೂ ಬಿಡುವುದಿಲ್ಲ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಊರು ಸುತ್ತಲು ಇಳಿದಾಗ ಮೊಬೈಲ್ ತೋರಿಸುವ ಹೊತ್ತಿಗೂ ಹಡಗಿನ ಹೊತ್ತಿಗೂ ತಾಳೆಯಾಗದಿದ್ದರೆ ಹಡಗಿನದ್ದೇ ಸರಿ. ಹಡಗಿನವರ ಮೂಲಕ ಬುಕ್ ಮಾಡಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನಾವಾಗಿಯೇ ಗಾಡಿ ಹಿಡಿದು ಹೋಗಿ ತಡವಾದರೆ ಹೊರಟುಬಿಡುತ್ತದೆ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ಬೆನ್ನಟ್ಟಿಕೊಂಡು ಹೋಗಲು ಬಸ್ಸು ಸಿಗದು.

ಗ್ಲೇಸಿಯರ್ ಬೇ ಬಗ್ಗೆ ಒಂದು ಮಾತು. ಅಲ್ಲಿನ ನೀರ್ಗಲ್ಲು ಆದಿಕಾಲದಿಂದ ಹಾಗೇ ನಿಂತಿದೆ ಅಂದುಕೊಳ್ಳುತ್ತೇವೆ. 1794ರಲ್ಲಿ ನಾವಿಕ ವ್ಯಾಂಕೂವರನ ತಂಡ ಬಂದಾಗ ಕೊಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ, ಬಾಯಿಯ ಹತ್ತಿರದವರೆಗೂ ನೀರ್ಗಲ್ಲು ತುಂಬಿತ್ತು. ಅಲ್ಲಿಂದೀಚೆಗೆ ಅದು ನೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಈಗ ಹಡಗು ತೇಲುವ ನೀರೆಲ್ಲ ಆಗ ಗಟ್ಟಿಯಾಗಿತ್ತು. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಅಲ್ಲಿ ಪ್ರವೇಶ, ಆದ್ದರಿಂದ ಬುಕ್ ಮಾಡುವಾಗ ಆ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಬೇರೆ ಕೆಲವು ಇಕ್ಕಟ್ಟಾದ ಕೊಲ್ಲಿಗಳಲ್ಲಿ ಮೇ ಆರಂಭದಲ್ಲಿ ತೇಲುಗಡ್ಡೆ ದಟ್ಟವಾಗಿದ್ದು ಹಡಗು ಅರ್ಧಕ್ಕೇ ತಿರುಗುವುದುಂಟು.

"ಕೆಚಿಕನ್‌ನಲ್ಲಿ ಇರೋ ಕಂಬಗಳು ಅವರ ದೇವರು."

ಬಿಳಿಯ ಪಾದ್ರಿಗಳೂ ಹೀಗೇ ತಿಳಿದರು, ವಿಗ್ರಹವೆಂದು ಅವನ್ನು ವಿರೋಧಿಸಿದರು. ಟ್ಲಿಂಗಿಟ್, ಹೈಡಾ ಜನರ ಟೋಟೆಮ್ ಕಂಬ ಪೂಜೆಯದ್ದಲ್ಲ, ದಾಖಲೆ: ಮನೆತನದ ಲಾಂಛನ, ಸತ್ತವರ ನೆನಪು, ನಡೆದ ಕತೆ. ನಮ್ಮ ಜಿಲ್ಲೆಯ ಊರೂರಲ್ಲಿ ನಿಂತ ವೀರಗಲ್ಲನ್ನು ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದಲು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಸಾಲ ತೀರಿಸದವರನ್ನು ನಾಚಿಸುವ ಕಂಬಗಳೂ ಇವೆ. ಕೆಚಿಕನ್ ಬಳಿಯ ಸ್ಯಾಕ್ಸ್‌ಮನ್‌ನಲ್ಲಿ ಅಂಥದೊಂದು ಕಂಬ ವಿಲಿಯಂ ಸೀವರ್ಡ್‌ನದು. ಅಲಾಸ್ಕಾ ಕೊಂಡ ವ್ಯವಹಾರ ಕುದುರಿಸಿದ ಅಮೆರಿಕದ ಸಚಿವನೇ ಈತ. ಟ್ಲಿಂಗಿಟ್ ಮುಖಂಡರ ಆತಿಥ್ಯ ಉಂಡು, ಉಡುಗೊರೆ ಪಡೆದು ಹೋದವನು ಮರಳಿ ಏನೂ ಕೊಡಲಿಲ್ಲ. ಇಡೀ ರಾಜ್ಯ ಕೊಂಡವನ ಊಟದ ಬಾಕಿ ಮರದಲ್ಲಿ ಕೆತ್ತಿ ನಿಂತಿದೆ.

"ಹಡಗು ಇಳಿದು ಹಾಗೇ ಡೆನಾಲಿ ನೋಡ್ಕೊಂಡು ಬಂದುಬಿಡೋಣ."

ಮೇ ಮೊದಲ ವಾರಗಳಲ್ಲಿ ಇದೇ ಎಡವುವ ಜಾಗ. ಸಿಯಾಟಲ್‌ಗೆ ಮರಳುವ ಹಡಗು ಡೆನಾಲಿ ಶಿಖರದ ಹತ್ತಿರಕ್ಕೂ ಹೋಗುವುದಿಲ್ಲ. ವ್ಯಾಂಕೂವರ್‌ನಿಂದ ಹೊರಟು ವಿಟಿಯರ್ ಅಥವಾ ಸೀವರ್ಡ್ ಬಂದರಿನಲ್ಲಿ ಇಳಿಸಿಬಿಡುವ ಹಡಗು ಹಿಡಿದು, ಅಲ್ಲಿಂದ ರೈಲು, ಬಸ್ಸಿನಲ್ಲಿ ಒಳನಾಡಿಗೆ ಹೋಗಬೇಕು. ಹಡಗಿನ ಸೀಸನ್ ಏಪ್ರಿಲ್ ಕೊನೆಗೇ ತೆರೆದರೂ ಒಳನಾಡು ಇನ್ನೂ ಮಲಗಿರುತ್ತದೆ. ಡೆನಾಲಿ ಉದ್ಯಾನದ ಬಸ್ಸು ಶುರುವಾಗುವುದು ಮೇ 20ರ ಸುಮಾರಿಗೆ, ಬಹುಪಾಲು ಲಾಡ್ಜುಗಳು ಬಾಗಿಲು ತೆಗೆಯುವುದೂ ಮೇ ಮಧ್ಯದ ನಂತರ. ಅಲ್ಲಿನ 92 ಮೈಲಿ ರಸ್ತೆ 2021ರ ಆಗಸ್ಟ್‌ನಲ್ಲಿ 45ನೇ ಮೈಲಿಯ ಬಳಿ ಕಡಿದುಹೋಯಿತು: ನೆಲದೊಳಗಿನ ಮಂಜು ಕರಗಿ ಗುಡ್ಡ ಜಾರಿತು. ಶಿರಾಡಿ ಘಾಟಿಯ ಕುಸಿತ ಕಂಡವರು ನಾವು, ಇಂಥ ದುರಸ್ತಿ ಎಷ್ಟು ಕಾಲ ಎಳೆಯುತ್ತದೆಂದು ಗೊತ್ತು. ನೀವು ಹೋಗುವ ವರ್ಷ ಬಸ್ಸು ಎಲ್ಲಿಯವರೆಗೆ ಎಂದು ನೋಡಿಯೇ ದುಡ್ಡು ಕಟ್ಟಿ. ಅಷ್ಟೆಲ್ಲ ಮಾಡಿ ಹೋದರೂ 6,190 ಮೀಟರಿನ ಆ ಶಿಖರ ಮೋಡ ಸರಿಸಿ ಮುಖ ತೋರಿಸುವುದು ಮೂವರಲ್ಲಿ ಒಬ್ಬರಿಗೆ. ಒಳನಾಡೇ ಮುಖ್ಯ ಅನ್ನುವವರು ಮೇ ಕೊನೆಗೆ ಹೊರಡಲಿ; ಹಿಮ ಹೊದ್ದ ಬೆಟ್ಟ, ಕಡಿಮೆ ಜನ, ಕಡಿಮೆ ದರ ಸಾಕು ಅನ್ನುವವರಿಗೆ ಮೊದಲ ವಾರಗಳೇ ವಾಸಿ.

ಡೆನಾಲಿಯಿಂದ ಫೇರ್‌ಬ್ಯಾಂಕ್ಸ್‌ಗೆ ಹೋಗುವ ದಾರಿಯಲ್ಲಿ ನೆನಾನಾ ಎಂಬ ಪುಟ್ಟ ಊರಿದೆ, ಟನಾನಾ ನದಿಯ ದಡದಲ್ಲಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ನಡುವೆ ಮರದ ಕಂಬಗಳ ಗೂಟವೊಂದನ್ನು ನಿಲ್ಲಿಸುತ್ತಾರೆ. ಅದರಿಂದ ದಡದ ಗಡಿಯಾರಕ್ಕೆ ಒಂದು ಹಗ್ಗ. ಮಂಜು ಒಡೆದು ಗೂಟ ಕದಲಿದಾಗ ಹಗ್ಗ ಎಳೆದು ಗಡಿಯಾರ ನಿಲ್ಲುತ್ತದೆ. ಆ ದಿನ, ಗಂಟೆ, ನಿಮಿಷವನ್ನು ಮೊದಲೇ ಊಹಿಸಿದವರಿಗೆ ಹಣ. 1917ರಲ್ಲಿ ರೈಲ್ವೆ ಕಟ್ಟಲು ಬಂದ ಎಂಜಿನಿಯರುಗಳು ಹೊತ್ತು ಕಳೆಯಲು 800 ಡಾಲರ್ ಪಂದ್ಯ ಕಟ್ಟಿದ್ದು ಇವತ್ತಿಗೂ ನಡೆಯುತ್ತಿದೆ. ಮಂಜು ಒಡೆಯುವುದು ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ. ಜುಲೈ ಬಂದರೆ ದಿನಾ ಪೇಪರ್ ತೆಗೆದು ಹೇಮಾವತಿ ಜಲಾಶಯ 2,922 ಅಡಿ ಮುಟ್ಟುವುದು ಯಾವತ್ತು ಎಂದು ಲೆಕ್ಕ ಹಾಕುವ ನಮ್ಮ ತಾಲ್ಲೂಕಿನವರನ್ನು ಅಲ್ಲಿ ಕೂರಿಸಿದರೆ, ಮೊದಲ ದಿನವೇ ಪಂದ್ಯದ ಟಿಕೆಟ್ ಕೊಳ್ಳುತ್ತಾರೆ.