ಸಿದ್ಧಾಂತಕ್ಕೆ ಸಂಬಳವೆಷ್ಟು?

ಬೆಳಗೊಳದಿಂದ ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ಆವರಣಕ್ಕೆ ಹೆಚ್ಚು ದೂರವಿಲ್ಲ. ನಿವೃತ್ತನಾಗಿ ಇಲ್ಲಿ ನೆಲೆಸಿರುವ ನನ್ನ ಬಳಿ ಮಕ್ಕಳ ಓದಿನ ಬಗ್ಗೆ ಸಲಹೆ ಕೇಳುವ ಪೋಷಕರ ದೃಷ್ಟಿಯೆಲ್ಲ ಅತ್ತಲೇ. ಗಣಕ ವಿಜ್ಞಾನದ ಸಿದ್ಧಾಂತವನ್ನೇ ಓದಿ, ಅದನ್ನೇ ಬೋಧಿಸುತ್ತ ಬಾಳಬಹುದೆಂದರೆ ‘ಅದರಿಂದ ಬರುವುದೇನು?’ ಎನ್ನುತ್ತಾರೆ. ಅರ್ಥಶಾಸ್ತ್ರ ಓದಿದ ನನಗೆ ಈ ಪ್ರಶ್ನೆ ಅನುಚಿತವೆನಿಸುವುದಿಲ್ಲ. ಉತ್ತರ ಕೊಡಬೇಕಾದುದೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಬೋಧಿಸಿ 2011ರಲ್ಲಿ ನಿಧನರಾದ ಪ್ರೊ. ಪ್ರೀತಿ ಶಂಕರ್ ಅವರನ್ನೇ ನೋಡಿ. ದೆಹಲಿ ಐಐಟಿಯಲ್ಲಿ ಪದವಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿದವರು. ಯಂತ್ರವೊಂದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಅದನ್ನು ಚಾಲೂ ಮಾಡದೆಯೇ ತರ್ಕದಿಂದ ನಿರ್ಣಯಿಸುವ ವಿದ್ಯೆ ಅವರದು. ಸಂದೇಶಗಳಲ್ಲಿ ನುಸುಳುವ ದೋಷಗಳನ್ನು ತಿದ್ದುವ ಸಂಕೇತಗಳ ಕುರಿತು 1979ರಲ್ಲಿ ಅವರೊಂದು ಪ್ರಬಂಧ ಪ್ರಕಟಿಸಿದರು. ರೂಢಿಯ ಗಣಿತದ ಚೌಕಟ್ಟಿನಾಚೆ, ಪೂರ್ಣಾಂಕಗಳ ವಿಶಾಲ ವ್ಯವಸ್ಥೆಗಳ ಮೇಲೂ ಅಂಥ ಸಂಕೇತಗಳನ್ನು ಕಟ್ಟಬಹುದೆಂಬುದು ಅದರ ತಿರುಳು. 1994ರಲ್ಲಿ ಐವರು ವಿಜ್ಞಾನಿಗಳು ಹಳೆಯದೊಂದು ಒಗಟನ್ನು ಆ ಬಗೆಯ ಲೆಕ್ಕದಿಂದಲೇ ಬಿಡಿಸಿದ ಮೇಲೆ ಜಗತ್ತಿನ ಗಮನ ಈ ದಾರಿಯತ್ತ ಹರಿಯಿತು. ನಡುವೆ ಸಂದದ್ದು 15 ವರ್ಷ! ಯಾವ ಕಂಪನಿಯ ಲೆಕ್ಕಪತ್ರ ಅಷ್ಟು ಕಾಲ ಕಾದೀತು?

ಇದರ ಬೆಲೆ ತಿಳಿಯುವುದು ಕೆಟ್ಟಾಗಲೇ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಹಿಂದಿನ ಏರಿಯಾನ್-4ರಲ್ಲಿ ಚೆನ್ನಾಗಿಯೇ ದುಡಿದಿದ್ದ ತಂತ್ರಾಂಶದ ತುಣುಕನ್ನು ಹೊಸದಕ್ಕೆ ಜೋಡಿಸಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. 32,767ನ್ನು ಮೀರಿದ ಸಂಖ್ಯೆ ಅದಕ್ಕೆಂದು ಮೀಸಲಿಟ್ಟ ಜಾಗದಲ್ಲಿ ಹಿಡಿಸಲಿಲ್ಲ. ಬಿಡಿಯಾಗಿ ಸರಿಯಿದ್ದದ್ದು ಇಡಿಯಾಗಿ ಸರಿಯಿರಬೇಕೆಂದಿಲ್ಲ. ಬಲಮುರಿ ಕಟ್ಟೆಯಿಂದ ಹೊರಡುವ ವಿರಿಜಾ ನಾಲೆಯ ನೀರುಗಂಟಿಗೂ ಇದು ಗೊತ್ತು: ಒಂದೊಂದು ತೂಬೂ ನೆಟ್ಟಗಿದ್ದರೂ ಎಲ್ಲವನ್ನೂ ಒಟ್ಟಿಗೆ ತೆರೆದರೆ ಕೊನೆಯ ಗದ್ದೆ ಒಣಗುತ್ತದೆ. ತುಣುಕುಗಳ ಜೋಡಣೆ ಸುರಕ್ಷಿತವೇ ಎಂದು ಮೊದಲೇ ಸಾಧಿಸಿ ತೋರಿಸುವುದು ಸಿದ್ಧಾಂತಿಗಳ ಕೆಲಸ.

ಇಂಥ ಜ್ಞಾನ ಅರ್ಥಶಾಸ್ತ್ರದ ಭಾಷೆಯಲ್ಲಿ ಸಾರ್ವಜನಿಕ ಸರಕು. ಫಲ ಎಲ್ಲರಿಗೂ ದಕ್ಕುವುದರಿಂದ ಮಾರುಕಟ್ಟೆ ಅದಕ್ಕೆ ಸಾಕಷ್ಟು ಹಣ ಹೂಡದು. ಹೂಡಬೇಕಾದ ಸರ್ಕಾರ ವಿಶ್ವವಿದ್ಯಾಲಯಗಳ ಕಾಯಂ ಹುದ್ದೆಗಳನ್ನು ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರಿಂದ ಕಾಲ ತಳ್ಳುತ್ತಿದೆ. (ಕಡತಗಳಲ್ಲಿ ‘ಆರ್ಥಿಕ ಮಿತವ್ಯಯ’ ಎಂಬ ಷರಾ ಬರೆಯುವುದು ಎಷ್ಟು ಸುಲಭವೆಂದು ನನಗೆ ಗೊತ್ತು.) ಮುಂದಿನ ವರ್ಷ ತನ್ನ ನೇಮಕ ಮುಂದುವರಿಯುವುದೋ ಇಲ್ಲವೋ ತಿಳಿಯದ ಅಧ್ಯಾಪಕ, 15 ವರ್ಷ ಬೇಡುವ ಪ್ರಶ್ನೆಯನ್ನು ಯಾವ ಧೈರ್ಯದಿಂದ ಕೈಗೆತ್ತಿಕೊಂಡಾನು?